ಮೂರು ತಾಲೂಕಿನ ಒಂದು ಪಾಸ್‌ವರ್ಡ್

ಹೌದ್ರಿ, ಆ ಹಾವಗೆಪ್ಪ ನಾನೇ. ಬೀದರದಾಗ ಯಾವ ಚಹಾ ಅಂಗಡಿ ಮುಂದ ನಿಂತ್ರೂ ಹಿಂದಿನಿಂದ ಯಾರರ ಒಬ್ಬರು, "ಸರ್ಕಾರದ ಕಂಪ್ಯೂಟರಿಗಿ ಕೀಲಿ ಹಾಕ್ದಾಂವ ಇಂವನೇ ನೋಡು" ಅಂತಾರ. ಅನ್ಲಿ. ನಾ ತಿರುಗಿ ನೋಡಂಗಿಲ್ಲ, ಚಹಾನೂ ಅರ್ಧಕ್ಕ ಬಿಡಂಗಿಲ್ಲ. ಕೆಲವರು ನನಗ ಗಂಡುಗಲಿ ಅಂತಾರ, ಕೆಲವರು ಹುಚ್ಚಪ್ಪ ಅಂತಾರ, ನಮ್ಮ ಸಾಹೇಬ್ರು ಏನಂತಾರಂಬೋದು ನಾಕ್ ಮಂದಿ ಓದೋ ಕಥಿದಾಗ ಬರಿಯಾಕ ಬರಂಗಿಲ್ಲ. ಆದ್ರ ನಡದದ್ದೇನು ಅಂಬೋದು ಒಬ್ಬರೂ ಸರಿಯಾಗಿ ಹೇಳಂಗಿಲ್ಲ. ಅದಕ ನಾನೇ ಹೇಳ್ತೇನಿ. ಕೇಳೋರು ಕೇಳ್ರಿ, ಸಿಟ್ಟು ಬರೋರಿಗಿ ಬರ್ಲಿ.

ಅದು ಮಳಿ ಕೈಕೊಟ್ಟ ವರ್ಷ. ಅದರ ಹಿಂದಿನ ವರ್ಷನೂ ಕೊಟ್ಟಿತ್ತು. ಮಾಂಜ್ರಾ ನದಿದಾಗ ಹುಡುಗ್ರು ಕ್ರಿಕೆಟ್ ಆಡ್ತಿದ್ರು. ಔರಾದ ಕಡಿ ಮಂದಿ ಗಂಟುಮೂಟಿ ಕಟ್ಕೊಂಡು ಹೈದ್ರಾಬಾದಿಗಿ, ಪುಣಾಕ ದುಡಿಲಾಕ ಹೊಂಟಿದ್ರು. ಬಸ್ ಸ್ಟ್ಯಾಂಡಿನ್ಯಾಗ ಕುಂಡ್ರಲಾಕ ಜಾಗಾ ಇರ್ತಿದ್ದಿಲ್ಲ. ನಮ್ಮ ಕಚೇರಿ ಕೆಲಸ ಊರೂರಿಗಿ ನೀರಿನ ಟ್ಯಾಂಕರ್ ಕಳಸೋದು. ಕಚೇರಿ ಹೆಸರು ಬ್ಯಾಡ್ರಿ, ಅದರ ಬಾಗಲದಾಗೂ ಹೆಸರಿನ ಬೋರ್ಡ್ ಬಿದ್ದು ಭಾಳ ದಿನ ಆಗಿತ್ತು.

ಆ ಕಚೇರಿ ಮೂಲಿ ಖೋಲಿದಾಗ ಒಂದು ಸರ್ವರ್ ಇತ್ತು. ಅದರಾಗ ಲಿನಕ್ಸ್, ಅಂದ್ರ ಮಷೀನ್ ನಡಸೋ ಸಾಫ್ಟ್‌ವೇರ್. ಯಾವ ಟ್ಯಾಂಕರ್ ಯಾವ ಊರಿಗಿ ಹೋಗಬೇಕಂಬೋ ಪಟ್ಟಿ ಅದರ ಹೊಟ್ಟಿದಾಗ. ದಿನಾ ಸಂಜಿ ಆರು ಹೊಡೀತಂದ್ರ ಮಷೀನ್ ತಾನೇ ಎಲ್ಲಾ ಡ್ರೈವರ್ ಫೋನಿಗಿ ಮರುದಿನದ ಊರಿನ ಹೆಸರು ಕಳಸ್ತಿತ್ತು. ಪಟ್ಟಿದಾಗ ಹೆಸರು ಇದ್ರ ನೀರು, ಇಲ್ದಿದ್ರ ಇಲ್ಲ. ಪಟ್ಟಿ ಬಿಟ್ಟು ಬ್ಯಾರೆ ಕಡಿ ಹೋದ ಟ್ಯಾಂಕರಿಗಿ ಬಿಲ್ ಆಗ್ತಿದ್ದಿಲ್ಲ, ಹಿಂಗಾಗಿ ಯಾವ ಮಾಲಕನೂ ಹೋಗ್ತಿದ್ದಿಲ್ಲ. ಈ ವ್ಯವಸ್ಥಾ ಕಟ್ಟಿದ ಇಂಜಿನಿಯರ್ ವರ್ಗಾ ಆಗಿ ಹೋಗಿದ್ದ. ಅಂವ ಹೋದ ಮ್ಯಾಲ ಪಟ್ಟಿದಾಗ ಹೆಸರು ತಿದ್ದೋದು, ಆ ಮಷೀನಿಗಿ ದಿನಾ ಕುಂಕುಮ ಹಚ್ಚಿ ಕೈ ಮುಗಿಯೋದು ಬಿಟ್ಟು ಬ್ಯಾರೆ ಏನೂ ಮಾಡ್ಲಾಕ ಯಾರಿಗೂ ಬರ್ತಿದ್ದಿಲ್ಲ.

ಅದಕ ನನ್ನ ಕಲಬುರಗಿಗಿ ಲಿನಕ್ಸ್ ತರಬೇತಿಗಿ ಕಳಸಿದ್ರು. ತರಬೇತಿ ಛಲೋ ಇತ್ತು, ಊಟ ಇನ್ನೂ ಛಲೋ ಇತ್ತು. ಊಟದ ಮುಂಚಿನ ಪಾಠ ನನಗ ಬರಾಬರ್ ನೆನಪದ. ಊಟದ ಮ್ಯಾಲಿನ ಪಾಠ ಅಷ್ಟು ನೆನಪಿಲ್ಲ. ಊಟ ಆದ ಮ್ಯಾಲ ಕಣ್ಣು ಎಳಿಯೋದು ಯಾವ ಕಾನೂನಿನ್ಯಾಗೂ ಗುನ್ಹೆ ಅಲ್ಲ.

ತಿರುಗಿ ಬಂದ ದಿನ ಚಿದ್ರಿದಾಗ ನಮ್ಮ ಮನಿ ಕಟ್ಟಿ ಮ್ಯಾಲ ಕುಂತು, ಬಾಜೂ ಮನಿ ಮಡೆಪ್ಪಗ ಹೇಳಿದೆ: "ಇವತ್ತಿನ ತಾರೀಖಿಗಿ ಇಡೀ ಬೀದರ ಜಿಲ್ಲಾದಾಗ ಲಿನಕ್ಸ್ ಬರೋದು ನನಗೊಬ್ಬನಿಗೇ."

ಮಡೆಪ್ಪ ಎದ್ದು ಹೋದ. ಅಭಿಮಾನಕ್ಕ ಕಣ್ಣೀರು ಬಂದಿರಬೇಕಂತ ನಾ ತಿಳದೆ. ತಿರುಗಿ ಬಂದಾಗ ಕೈದಾಗ ಅವರ ಮನಿ ಮಿಕ್ಸರ್ ಇತ್ತು.

"ಇದು ಜರಾ ಗರ್‌ಗರ್ ಅಂತದ, ನೋಡು" ಅಂದ.

"ಅದು ಬ್ಯಾರೆ, ಇದು ಬ್ಯಾರೆ ಮಡೆಪ್ಪ."

"ಅಷ್ಟು ದೊಡ್ಡ ಕಂಪ್ಯೂಟರ್ ರಿಪೇರಿ ಬರ್ತದ, ಇಷ್ಟು ಸಣ್ಣದು ಬರಂಗಿಲ್ಲೇನು? ಏನ್ ಕಲಸ್ಯಾರಪ್ಪ ನಿನಗ!"

ನನ್ನ ಈ ಮಾತು ಗಾಳಿಗಿ ಸಾಹೇಬ್ರ ಕಿವಿ ಮುಟ್ತು. ನಮ್ಮ ನರಸಿಂಗರಾವ ಸಾಹೇಬ್ರು ನನ್ನ ಕರಸಿ, "ಹಾವಗೆಪ್ಪ, ಜಿಲ್ಲಾಕ್ಕ ನೀನೊಬ್ಬನೇ ಅಂತಲ್ಲ! ಭಾಲ್ಕಿದಾಗ, ಔರಾದದಾಗ ನಮ್ಮವರು ಹೊಸಬರು ಅದಾರ. ಅವರಿಗಿ ಕಲಸು" ಅಂತ ಹುಕುಂ ಕೊಟ್ಟ್ರು. ಬರಂಗಿಲ್ಲ ಅನ್ಲಾಕ ಆವಾಗ ದಾರಿ ಇದ್ದಿಲ್ಲ. ಇದ್ರೂ ನಾ ಅಂತಿದ್ದಿಲ್ಲ.

ಭಾಲ್ಕಿಯಿಂದ ಕಾಂತಾಬಾಯಿ ಬಂದ್ರು. ಮೊದಲ ಖಜಾನಿದಾಗ ಕೆಲಸ ಮಾಡ್ದವರು. ಬಾಗಲಾ ಹಾಕಿದ ಮ್ಯಾಲ ಕೀಲಿ ಜಗ್ಗಿ ನೋಡಿ, ಹೋಗಿ, ಮತ್ತ ತಿರುಗಿ ಬಂದು ಜಗ್ಗಿ ನೋಡೋ ಪೈಕಿ. ಔರಾದದಿಂದ ಅಬ್ದುಲ ವಾಹೀದ ಬಂದ. ದಿನಾ ಮೋಟರ್‌ಸೈಕಲ್ ಮ್ಯಾಲ ಹಳ್ಳಿ ಹಳ್ಳಿ ತಿರುಗಿ ನೀರು ಬಂತಿಲ್ಲೋ ನೋಡೋದು ಅವನ ಕೆಲಸ. ಔರಾದ ತಾಲೂಕಿಗಿ ಯಾರರ ಹಿಂದುಳಿದದ್ದು ಅಂದ್ರ ಜಗಳಕ್ಕ ನಿಲ್ಲೋದು ಅವನ ಹವ್ಯಾಸ.

ನಾ ಬೋರ್ಡ್ ಮ್ಯಾಲ ದೊಡ್ಡದಾಗಿ 'ರೂಟ್' ಅಂತ ಬರದೆ. "ಇದು ಈ ಮಷೀನಿನ ಮಾಲಕ. ನಾವು ನೀವು ಬರೇ ಬಾಡಿಗಿದವರು. ಮಾಲಕ ಏನರ ಮಾಡಬಹುದು. ಮನಿ ಕೆಡವಬಹುದು, ಕಟ್ಟಬಹುದು, ನಮ್ಮನ್ನ ಹೊರಗ ಹಾಕಬಹುದು."

"ಅವನ ಪಾಸ್‌ವರ್ಡ್ ಎಲ್ಲದ್ರಿ?" ಅಂದ್ರು ಕಾಂತಾಬಾಯಿ.

ನಾ ಮಾನಿಟರ್ ತೋರಿಸಿದೆ. ಹೋದ ಇಂಜಿನಿಯರ್ ಒಂದು ಚೀಟಿಮ್ಯಾಲ ಬರದು ಅಲ್ಲೇ ಅಂಟಿಸಿ ಹೋಗಿದ್ದ. ಕಸ ಹೊಡಿಯೋರಿಂದ ಹಿಡದು ಟಪಾಲಿನವರ ತನಕ ಎಲ್ಲರೂ ಅದನ್ನ ಓದಿದ್ರು.

ಕಾಂತಾಬಾಯಿ ಎದಿ ಮ್ಯಾಲ ಕೈ ಇಟ್ಕೊಂಡ್ರು. "ಅವ್ವ! ಖಜಾನಿ ಕೀಲಿಕೈ ಗ್ವಾಡಿಗಿ ಜೋತು ಬಿಟ್ಟೀರಲ್ರಿ! ಈಗಿಂದೀಗ ಬದಲಿ ಮಾಡ್ರಿ. ಇಲ್ಲಂದ್ರ ನಾ ಈ ಖೋಲಿದಾಗ ಕುಂಡ್ರಂಗಿಲ್ಲ."

"ಮಾಡೋಣು. ಹೊಸಾದು ನನ್ನ ಬಲ್ಲಿ ಇರ್ತದ."

"ನಿಮ್ಮ ಬಲ್ಲೇ ಯಾಕ? ಖಜಾನಿದಾಗ ಎರಡು ಕೀಲಿ, ಎರಡು ಮಂದಿ. ಇಬ್ಬರೂ ಕೂಡಿದ್ರೇ ಬಾಗಲಾ ತೆರೀತದ. ಒಬ್ಬನ ಕೈದಾಗ ಕೊಡೋ ಪದ್ಧತಿ ನಾ ಎಲ್ಲೂ ನೋಡಿಲ್ಲ. ಅರ್ಧಾ ಪಾಸ್‌ವರ್ಡ್ ಬೀದರದ್ದು, ಅರ್ಧಾ ಭಾಲ್ಕಿದು."

ವಾಹೀದ ಕುರ್ಚಿ ಸರಿಸಿ ಎದ್ದ. "ಔರಾದ ಎಲ್ಲಿ ಹೋಯ್ತು? ರಸ್ತಾ ಮಾಡುವಾಗ ಔರಾದ ಇಲ್ಲ, ದವಾಖಾನಿ ಕಟ್ಟುವಾಗ ಔರಾದ ಇಲ್ಲ, ಈಗ ಪಾಸ್‌ವರ್ಡಿನ್ಯಾಗೂ ಇಲ್ಲೇನ್ರಿ? ನಾ ಹೊಂಟೆ."

ಹಿಂಗಾಗಿ ಮೂರು ತುಂಡು ಆತು. ನನ್ನ ಮ್ಯಾಲ ನಗೋರು ಇಲ್ಲಿ ಜರಾ ನಿಂದರ್ರಿ. ಮೂರು ತಾಲೂಕಿನವರಿಗಿ ಒಂದು ಪಾಸ್‌ವರ್ಡಿನ್ಯಾಗ ಸಮಪಾಲು ಕೊಟ್ಟ ಮತ್ತೊಬ್ಬ ಮನಷ್ಯಾನ್ನ ತೋರಿಸಿ ಆಮ್ಯಾಲ ನಗ್ರಿ.

ಮೊದಲ ನಾ ಹೊಡದೆ; ಅವರಿಬ್ಬರು ಗ್ವಾಡಿ ಕಡಿ ಮುಖ ಮಾಡಿ ನಿಂತ್ರು. ಆಮ್ಯಾಲ ಕಾಂತಾಬಾಯಿ ಹೊಡದ್ರು. ನಾವು ಗ್ವಾಡಿ ನೋಡಿದ್ವಿ. ಕಡೀಕ ವಾಹೀದ ಕುಂತ. ಎರಡು ಅಕ್ಷರ ಹೊಡದು ಚೀರಿದ: "ಹಾವಗೆಪ್ಪ ಭಾಯ್, ಕೀಬೋರ್ಡ್ ಸತ್ತದ! ಸ್ಕ್ರೀನಿನ ಮ್ಯಾಲ ಏನೂ ಬರವಲ್ದು."

"ಬರಂಗಿಲ್ಲಪ್ಪ. ಲಿನಕ್ಸಿನ್ಯಾಗ ಪಾಸ್‌ವರ್ಡ್ ಹೊಡಿಯೋವಾಗ ಏನೂ ಕಾಣಂಗಿಲ್ಲ. ಅಕ್ಷರನೂ ಇಲ್ಲ, ಚುಕ್ಕಿನೂ ಇಲ್ಲ. ಎಷ್ಟು ಹೊಡದಿ ಅಂಬೋದು ಸೈತ ಬಾಜೂ ಕುಂತವನಿಗಿ ತಿಳಿಯಂಗಿಲ್ಲ."

ಕಾಂತಾಬಾಯಿ ಗ್ವಾಡಿಗಿ ಮುಖ ಇಟ್ಟೇ, "ಮಷೀನಿಗಿ ಮರ್ಯಾದಿ ಅದ ಬಿಡ್ರಿ" ಅಂದ್ರು.

ಆ ಮ್ಯಾಲ ಫೈಲಿನ ಪಾಠ. ಪ್ರತಿ ಫೈಲಿಗಿ ಮೂರು ಥರದ ಮಂದಿ: ಮನಿಯವರು, ಓಣಿಯವರು, ಊರವರು. ಯಾರು ಓದಬೇಕು, ಯಾರು ತಿದ್ದಬೇಕು ಅಂಬೋದು ಮಾಲಕ ಠರಾಯಿಸ್ತಾನ. ಕಲಸಲಾಕ ಒಂದು ಫೈಲ್ ಬೇಕಿತ್ತು. ನನಗ ಹುಡುಕಲಾಕ ಬರ್ತಿದ್ದ ಫೈಲ್ ಒಂದೇ, ಟ್ಯಾಂಕರ್ ಪಟ್ಟಿ. ಅದನ್ನೇ ತಗೊಂಡೆ. "ನೋಡ್ರಿ, ಈಗ ಇದನ್ನ ಎಲ್ಲರೂ ಓದಬಹುದು, ಯಾರೂ ತಿದ್ದಂಗಿಲ್ಲ. ಮನಿಯವರಿಲ್ಲ, ಓಣಿಯವರಿಲ್ಲ, ಊರವರಂತೂ ಇಲ್ಲೇ ಇಲ್ಲ. ಮತ್ತ ತಿದ್ದಬೇಕಂದ್ರ ರೂಟ್ ಬಂದು ತೆರೀಬೇಕು." ಇಬ್ಬರೂ ಚಪ್ಪಾಳಿ ಹೊಡದ್ರು. ಅಷ್ಟ್ರಾಗ ಊಟದ ಹೊತ್ತಾತು. ಕಾಂತಾಬಾಯಿ ಪುಂಡಿಪಲ್ಯ ತಂದಿದ್ರು, ಎಣ್ಣಿ ಹಾಕಿದ ಶೇಂಗಾ ಹಿಂಡಿ, ಕಟಕ್ ರೊಟ್ಟಿ. ರೂಟ್‌ನಿಂದ ಹೊರಗ ಬಂದು ಮಷೀನ್ ಬಂದ್ ಮಾಡಲಾರ್ದೆ ಹಂಗೇ ಬಿಟ್ಟು ಊಟಕ್ಕ ಕುಂತ್ವಿ. ಊಟ ಆದ ಮ್ಯಾಲ ಪಟ್ಟಿ ಮೊದಲಿನಂಗ ತೆರೀಬೇಕಂತ ಮಾಡಿದ್ದೆ. ಊಟ ಆದ ಮ್ಯಾಲ ನನಗ ಏನಾಗ್ತದಂಬೋದು ಆಗಲೇ ಹೇಳೀನಿ.

ಮುಂದ ಸುಮಾರು ದಿನ ಏನೂ ಆಗ್ಲಿಲ್ಲ. ಖರೇ ಹೇಳಬೇಕಂದ್ರ ಭಾಳ ಛಲೋ ಆತು. ಪಟ್ಟಿದಾಗಿದ್ದ ಊರಿಗಿ ಪಟ್ಟಿದಾಗಿದ್ದಂಗ ಟ್ಯಾಂಕರ್ ಹೋಗ್ಲಕತ್ತಿದ್ವು. ಕಚೇರಿಗಿ ಖಾಲಿ ಕೊಡ ಹಿಡದು ಬಂದು ಬೈಯ್ಯೋ ಮಂದಿ ಕಡಿಮಿ ಆದ್ರು. ಇದೆಲ್ಲಾ ನನ್ನ ತರಬೇತಿ ಪರಿಣಾಮ ಅಂತ ನಾ ಎಲ್ಲರಿಗೂ ಹೇಳ್ಕೋತ ತಿರುಗಿದೆ. ಅದು ಸುಳ್ಳೂ ಅಲ್ಲ.

ಒಂದು ಮಧ್ಯಾಹ್ನ ಸಾಹೇಬ್ರ ಖೋಲಿದಾಗಿಂದ ಕುರ್ಚಿ ಬಿದ್ದ ಸಪ್ಪಳ ಬಂತು. ಹಿಂದೇ ಅವರ ದನಿ: "ನನಗ ಪರವಾನಗಿ ಇಲ್ಲಂತ ಅನ್ಲಾಕ ಇದ್ಯಾವಾಂವ?"

ಓಡಿ ಹೋಗಿ ನೋಡಿದೆ. ಸಾಹೇಬ್ರ ಸ್ಕ್ರೀನಿನ ಮ್ಯಾಲ 'ಪರ್ಮಿಶನ್ ಡಿನೈಡ್' ಅಂತ ಬಂದಿತ್ತು. ವಿಷಯ ಏನಂದ್ರ, ಸಾಹೇಬ್ರ ಹೆಂಡ್ತಿ ತಮ್ಮ ಬೀದರದಾಗ ಹೊಸಾ ಫಂಕ್ಷನ್ ಹಾಲ್ ಕಟ್ಟಿದ್ದ. ನಾಡಿದ್ದ ಅಲ್ಲಿ ಮೊದಲನೇ ಮದಿವಿ. ನೀರಿಲ್ಲ. ಸಾಹೇಬ್ರು ಔರಾದ ಕಡಿ ಕರಡಿವಾಡಿ ಹೆಸರು ಪಟ್ಟಿದಿಂದ ತೆಗದು, ಆ ಜಾಗಾದಾಗ 'ಬೀದರ ನಗರ, ತುರ್ತು' ಅಂತ ಹಾಕಲಾಕ ಹೊಂಟಿದ್ರು. ಮೊದಲೂ ಇಂಥಾ ತುರ್ತು ಅವರಿಗಿ ಆಗಾಗ ಬರ್ತಿತ್ತು.

ಕರಡಿವಾಡಿ ನನಗ ಬ್ಯಾರೆ ಊರಲ್ಲ. ನನ್ನ ಹೆಂಡ್ತಿ ಶಿವಕಾಂತಾನ ಅಕ್ಕ ಗುರಮ್ಮ ಅಲ್ಲಿ ಸಾಲಿದಾಗ ಬಿಸಿಯೂಟ ಮಾಡ್ತಾಳ.

"ಸರ್, ಕರಡಿವಾಡಿದಾಗ ಸಾಲಿ ಮಕ್ಕಳು…"

"ಯಾವ ಮಕ್ಕಳೋ? ಇಡೀ ಊರು ಹೈದ್ರಾಬಾದಿಗಿ ಹೋಗ್ಯಾದ. ಗ್ವಾಡಿಗಿ ನೀರು ಕುಡಸ್ತೀರೇನು? ತೆರಿ ಇದನ್ನ."

"ಐದು ಮಿನಿಟ್‌ರಿ ಸರ್" ಅಂದೆ. ಐದು ಮಿನಿಟ್ ಅಂಬೋದು ನನ್ನ ಬಾಯಾಗಿಂದ ತಾನೇ ಬರ್ತದ, ಅದಕ ನಾ ಜವಾಬ್ದಾರ ಅಲ್ಲ. ಆಮ್ಯಾಲ ಮೂರು ತುಂಡಿನ ಸಂಗತಿ ಬಿಚ್ಚಿ ಹೇಳಿದೆ. ಸಾಹೇಬ್ರು ಬಿದ್ದ ಕುರ್ಚಿ ಎತ್ತಿ ಅದರ ಮ್ಯಾಲ ಮೆಲ್ಲಗ ಕುಂತ್ರು.

"ಫೋನ್ ಮಾಡಿ ಕೇಳು."

ಕಾಂತಾಬಾಯಿ ಫೋನಿನ್ಯಾಗ ಅಂದ್ರು: "ಕೀಲಿಕೈ ಯಾರರ ಫೋನಿನ್ಯಾಗ ಕೊಡ್ತಾರೇನ್ರಿ? ನಾಳಿ ನಾನೇ ಬಂದು ಹೊಡೀತೇನಿ. ಜೀಪ್ ಕಳಸ್ರಿ."

ವಾಹೀದ ಅಂದ: "ಭಾಲ್ಕಿಗಿ ಜೀಪ್ ಹೋದ್ರ ಔರಾದಕ್ಕೂ ಜೀಪೇ ಬರಬೇಕು, ಭಾಯ್."

ಸಂಜಿ ನಾ ಚಿದ್ರಿ ಮುಟ್ಟೋದ್ರಾಗ ಸುದ್ದಿ ನನಗಿಂತ ಮುಂದ ಮುಟ್ಟಿತ್ತು. ನಮ್ಮ ಕಟ್ಟಿ ಮುಂದ ಮಂದಿ. ಮಡೆಪ್ಪ ಬಂದವನೇ ನನ್ನ ಎರಡೂ ಕೈ ಹಿಡಕೊಂಡ. "ಶಾಬಾಸ್! ಕರಡಿವಾಡಿ ನೀರು ಕಸಗೋತಾರಂತ ಮೊದಲೇ ಹೊಳೀತಂತ ನಿನಗ, ಸಾಹೇಬನ್ನ ಹೊರಗಿಟ್ಟು ಕೀಲಿ ಜಡದಿಯಂತ! ನಾ ನಿನ್ನ ಬರೇ ಬಡಬಡಾಂವ ಅಂತ ತಿಳದಿದ್ದೆ."

"ಅಲ್ಲೋ ಮಾರಾಯಾ, ಅದು ಊಟಕ್ಕ ಹೋದಾಗ ಮರ್ತು…"

"ನೋಡ್ರಿ, ಎಷ್ಟು ಸಣ್ಣವರಾಗಿ ಮಾತಾಡ್ತಾರ!" ಅಂದ್ರು ಎದುರು ಮನಿ ಖತೀಜಾ ಬೇಗಂ. "ಹಾವಗೆಪ್ಪಣ್ಣಾ, ನಮ್ಮ ಗಲ್ಲಿ ಹೆಸರೂ ಒಳಗ ಹಾಕಿ ಮತ್ತೊಮ್ಮೆ ಕೀಲಿ ಹಾಕ್ರಿ. ಅಲ್ಲಾ ನಿಮಗ ಛಲೋ ಇಡ್ಲಿ." ಇನ್ನೊಬ್ಬರು, ಸಸ್ಪೆಂಡ್ ಆದ್ರ ಅರ್ಧಾ ಪಗಾರ ಬರ್ತದ, ಹೆದರಬ್ಯಾಡ ಅಂತ ಧೈರ್ಯ ಹೇಳಿದ್ರು. ನನಗ ಅದರಿಂದೇ ಹೆದರಿಕಿ ಬಂತು.

ಒಳಗ ಹೋಗಿ ಶಿವಕಾಂತಾಗ ಖರೇ ಹೇಳಿದೆ. "ನಾ ಏನೂ ಧೈರ್ಯ ಮಾಡಿಲ್ಲ. ಮರ್ತೀನಿ ಅಷ್ಟೇ. ನಾಳಿ ತೆರದು ಕೊಡ್ತೇನಿ."

ಅಕಿ ರೊಟ್ಟಿ ಬಡಿಯೋದು ನಿಲ್ಲಿಸಿದ್ಲು. "ನಿಮ್ಮ ಮರವು ನನಗ ಗೊತ್ತದ. ಹೊರಗ ಹೇಳ್ಲಾಕ ಹೋಗಬ್ಯಾಡ್ರಿ. ನಾಕ್ ಮಂದಿ ನಿಮಗ ಮರ್ಯಾದಿ ಕೊಡೋದು ನಾ ಮದಿವ್ಯಾದಾಗಿಂದ ಇವತ್ತೇ ನೋಡ್ಲಕತ್ತೀನಿ." ಮತ್ತ ಬಡೀಲಾಕ ಸುರು ಮಾಡಿ, "ಅಕ್ಕನ ಊರಿನ ನೀರು ತೆರದು ಕೊಟ್ಟು ಬಂದ್ರ ಮಾತ್ರ ರೊಟ್ಟಿ ಫಂಕ್ಷನ್ ಹಾಲಿನ್ಯಾಗೇ ತಿನ್ರಿ" ಅಂದ್ಲು.

ಮರುದಿನ ನಾ ಜೀಪ್ ತಗೊಂಡು ಭಾಲ್ಕಿಗಿ ಹೋದೆ. ಕಾಂತಾಬಾಯಿ ಛತ್ರಿ, ಊಟದ ಡಬ್ಬಿ, ನೀರಿನ ಬಾಟ್ಲಿ ಹಿಡದು ಮುಂದಿನ ಸೀಟಿನ್ಯಾಗ ಕುಂತ್ರು. "ಯಾಕ ತೆರೀಬೇಕಂತ?" ಅಂತ ಕೇಳಿದ್ರು. ಜೀಪಿನ ಡ್ರೈವರ್ ಸಾಹೇಬ್ರ ಮನಷ್ಯಾ, ಅವನ ಕಿವಿ ನಮ್ಮ ಕಡೀನೇ ಇತ್ತು. "ತಾಂತ್ರಿಕ ಕಾರಣ" ಅಂದೆ. ಕಾಂತಾಬಾಯಿ ನನ್ನ ಮುಖ ನೋಡಿದ್ರು.

ಔರಾದದಾಗ ವಾಹೀದ ಸಿಗಲಿಲ್ಲ. ಕರಡಿವಾಡಿಗಿ ಟ್ಯಾಂಕರ್ ಸಂಗಾಟ ಹೋಗ್ಯಾನ ಅಂದ್ರು. ಹೋದ್ವಿ. ಊರಿನ್ಯಾಗ ಎಲ್ಲಾ ಮನಿ ಬಾಗಲಾ ಕೀಲಿ. ಒಂದು ಗಳಿಗಿ ಸಾಹೇಬ್ರು ಹೇಳಿದ್ದು ಖರೇ ಅಂತ ಅನ್ನಿಸ್ತು. ಸಾಲಿ ಕಡಿ ಬಂದ್ರ ಅಲ್ಲಿ ಮಕ್ಕಳು. ಅಂಗಳದ ತುಂಬ ಮಕ್ಕಳು. ದುಡಿಲಾಕ ಹೋದವರು ಓದಾದ್ರೂ ಓದ್ಲಿ ಅಂತ ಅವನ್ನ ಇಲ್ಲೇ ಬಿಟ್ಟು ಹೋಗಿದ್ರು. ಉಣ್ಣೋದೂ ಇಲ್ಲೇ, ಮಲಗೋದೂ ಇಲ್ಲೇ. ಸೊಂಟಕ್ಕ ಸೆರಗು ಕಟ್ಟಿದ ಗುರಮ್ಮ ಟ್ಯಾಂಕರ್ ಪೈಪ್ ಹಿಡದು ಡ್ರಮ್ ತುಂಬಸ್ಲಕತ್ತಿದ್ಲು. ವಾಹೀದ ಸಾಲು ಹಚ್ಚಲಕತ್ತಿದ್ದ.

ನನ್ನ ನೋಡಿದವಳೇ ಪೈಪ್ ವಾಹೀದನ ಕೈಗಿ ಕೊಟ್ಟು ಓಡಿ ಬಂದ್ಲು. "ಹಾವಗೆಪ್ಪಣ್ಣಾ! ಟ್ಯಾಂಕರ್ ಡ್ರೈವರ್ ಎಲ್ಲಾ ಹೇಳ್ಯಾನ. ನೀವು ಕೀಲಿ ಹಾಕಿದಾಗಿಂದ ಒಂದು ದಿನಾನೂ ನೀರು ತಪ್ಪಿಲ್ಲ. ಮೊದಲಾದ್ರ ತಿಂಗಳದಾಗ ಎರಡು ಸಲ ತಪ್ಪತಿತ್ತು. ಅವತ್ತೆಲ್ಲಾ ಈ ಹುಡುಗ್ರು ಬರೇ ಚುರುಮುರಿ ತಿಂದು ಮಲಗ್ಯಾವ. ಏ ಮಕ್ಕಳಾ, ಇವರೇ ನೋಡ್ರಿ ನೀರಿನ ಮಾಮಾ!"

ಮಕ್ಕಳು ಓಡಿ ಬಂದು ಸುತ್ತ ನಿಂತ್ವು. ಒಂದು ಸಣ್ಣ ಹುಡುಗಿ ನನ್ನ ಅಂಗಿ ಹಿಡದು, "ಮಾಮಾ, ನಾಳಿನೂ ಬರ್ತದೇನ್ರಿ?" ಅಂತು. ಅಂಥಾ ಹೊತ್ತಿನ್ಯಾಗ ಮನಷ್ಯಾ ಏನ್ ಹೇಳಬೇಕ್ರಿ? "ಬರ್ತದವ್ವ" ಅಂದೆ.

ಆವಾಗೇ ಫೋನ್ ಬಂತು. ನನ್ನ ಫೋನ್ ಕಿವಿಗಿ ಹಚ್ಚಿದ್ರ ಏನೂ ಕೇಳಂಗಿಲ್ಲ. ಸ್ಪೀಕರ್ ಹಾಕಿದ್ರೇ ಕೇಳ್ತದ. ರೂಢಿ ಪ್ರಕಾರ ಸ್ಪೀಕರ್ ಒತ್ತಿದೆ.

"ಎಲ್ಲಿ ಸತ್ತೀಯೋ?" ಅಂತ ಸಾಹೇಬ್ರು ಇಡೀ ಅಂಗಳಕ್ಕ ಕೇಳಿದ್ರು. "ಆರಕ್ಕಿಂತ ಮೊದಲ ಕರಡಿವಾಡಿ ಹೆಸರು ತೆಗೀಬೇಕು. ಅಲ್ಲಿ ಒಂದು ನರಪಿಳ್ಳಿ ಇಲ್ಲ. ಲಗೂನ ಬಾ."

ಕಾಂತಾಬಾಯಿ ಛತ್ರಿ ಮುಚ್ಚಿದ್ರು. ವಾಹೀದ ಪೈಪ್ ಬಿಟ್ಟ. ಗುರಮ್ಮ ನನ್ನ ಕೈದಾಗಿಂದ ಫೋನ್ ಕಸಗೊಂಡ್ಲು.

"ಯಾರೂ ಇಲ್ಲೇನ್ರಿ ಸಾಹೇಬ್ರ ಇಲ್ಲಿ? ನಿಂದರ್ರಿ, ಹಾಜರಿ ಕೊಡಸ್ತೇನಿ." ಫೋನ್ ಮ್ಯಾಲೆತ್ತಿ ಹಿಡದ್ಲು. "ಏ, ಒಬ್ಬೊಬ್ಬರೇ ಹೇಳ್ರೋ! ಗಟ್ಟಿಯಾಗಿ!"

ಒಬ್ಬೊಬ್ಬರೇ ಹೇಳೋ ತಾಳ್ಮಿ ಯಾವ ಸಾಲಿ ಮಕ್ಕಳಿಗಿ ಅದ? ಎಲ್ಲಾ ಒಮ್ಮೆಗೇ, ಹೊಟ್ಟಿದಾಗಿನ ಉಸಿರೆಲ್ಲಾ ಹಾಕಿ, "ಹಾಜರ್ ಸಾಹೇಬ್!" ಅಂತ ಚೀರಿದ್ವು. ಮರದ ಮ್ಯಾಲಿನ ಕಾಗಿ ಹಾರಿ ಹೋದ್ವು.

"ಏನೋ ಅದು ಗದ್ದಲ?" ಅಂದ್ರು ಸಾಹೇಬ್ರು.

ನಾ ಫೋನ್ ತಗೊಂಡು, "ಸಿಗ್ನಲ್ ಸಮಸ್ಯಾ ಸರ್" ಅಂದೆ.

ಗುರಮ್ಮ ನನ್ನ ಕಡಿ ತಿರುಗಿದ್ಲು. ಈಗ ಅಕಿ ಮುಖದಾಗ ನಗಿ ಇದ್ದಿಲ್ಲ. "ಅಣ್ಣಾ, ನೀವು ತೆಗೀಲಾಕ ಹೊಂಟೀರಿ?" ನಾ ನೆಲ ನೋಡ್ಕೋತ ಜೀಪ್ ಹತ್ತಿದೆ; ಕಾಂತಾಬಾಯಿ, ವಾಹೀದ ನನ್ನ ಹಿಂದೇ ಹತ್ತಿದ್ರು. ಬೀದರ ಮುಟ್ಟೋ ತನಕ ಜೀಪಿನ್ಯಾಗ ಯಾರೂ ತುಟಿ ಬಿಚ್ಚಲಿಲ್ಲ. ಡ್ರೈವರ್ ಕಿವಿ ಹಿಂದೇ ಇತ್ತು.

ಆದ್ರ ನನ್ನ ಸಿಟ್ಟು ಏರ್ಲಕತ್ತಿತ್ತು. ಔರಾದ ರಸ್ತಾದ ಗುಂಡಿ ಒಂದೊಂದು ಹಾರಿದಂಗ ನನಗ ಒಂದೊಂದು ಬೈಗಳ ನೆನಪಾಗ್ತಿತ್ತು. ನರಪಿಳ್ಳಿ ಇಲ್ಲಂತ! ನಾ ಮನಸಿನ್ಯಾಗೇ ಠರಾಯಿಸಿದೆ: ನನ್ನ ತುಂಡು ನಾ ತಪ್ಪೇ ಹೊಡೀತೇನಿ. ಹೆಂಗೂ ಸ್ಕ್ರೀನಿನ ಮ್ಯಾಲ ಏನೂ ಕಾಣಂಗಿಲ್ಲ. ಯಾವ ಸಾಹೇಬ ಏನ್ ಮಾಡ್ಕೋತಾನ ಮಾಡ್ಕೋಲಿ.

ಬೀದರ ಹತ್ರ ಬಂದಂಗ ಇನ್ನೊಂದು ಸಂಗತಿ ಲಕ್ಷ್ಯಕ್ಕ ಬಂತು. ತಪ್ಪು ಹೊಡೀಬೇಕಂದ್ರ ಸರಿ ಯಾವುದು ಅಂಬೋದು ಗೊತ್ತಿರಬೇಕು. ನನ್ನ ತುಂಡು ಏನಿತ್ತು? ಶಿವಕಾಂತಾನ ಹೆಸರೋ? ಮೋಟರ್‌ಸೈಕಲ್ ನಂಬರೋ? ಎಷ್ಟು ತಲಿ ಕೆರಕೊಂಡ್ರೂ ನೆನಪಾಗವಲ್ದು. ಅಯ್ಯೋ ದೇವ್ರೇ, ತಪ್ಪು ಅಂತ ಹೊಡಿಯಾಕ ಹೋಗಿ ಅಕಸ್ಮಾತ್ ಸರಿ ಬಿದ್ದ್ರ? ಕರಡಿವಾಡಿ ನೀರು ನನ್ನ ಕೈಲಿಂದೇ ಹೋತಲ್ಲ! ಜೀಪಿನ್ಯಾಗ ಕುಂತು ಬೆವತು ನೀರಾದೆ.

ಮುಟ್ಟಿದಾಗ ಆರಕ್ಕ ಸ್ವಲ್ಪೇ ಹೊತ್ತು ಉಳದಿತ್ತು. ಸಾಹೇಬ್ರು ಸರ್ವರ್ ಮುಂದ ನಿಂತಿದ್ರು. ಅವರ ಫೋನ್ ಬಿಟ್ಟು ಬಿಟ್ಟು ಗುಂಯ್ ಅಂತಿತ್ತು, ಹೆಂಡ್ತಿ ತಮ್ಮ.

"ಹೊಡೀರಿ!"

"ಪದ್ಧತಿ ಪ್ರಕಾರ ಎಲ್ಲರೂ ಗ್ವಾಡಿ ಕಡಿ ಮುಖ ಮಾಡಬೇಕ್ರಿ. ತಾವೂ ಸರ್" ಅಂದ್ರು ಕಾಂತಾಬಾಯಿ.

"ನಾ ಸಾಹೇಬ!"

"ಖಜಾನಿದಾಗ ಸಾಹೇಬ್ರೂ ತಿರುಗ್ತಾರ್ರಿ."

ಗಡಿಯಾರ ನೋಡಿ ಸಾಹೇ‌ಬ್ರು ತಿರುಗಿದ್ರು. ಅವರ ಮೂಗಿನ ಮುಂದ ಜಿಲ್ಲಾದ ನಕಾಶಿ ಜೋತು ಬಿದ್ದಿತ್ತು, ಔರಾದ ಬರಾಬರ್ ಅವರ ಹಣಿ ಮುಂದ. ನಾ ಕುಂತೆ. ಯಾವ ಮನಷ್ಯಾನೂ ಪಾಸ್‌ವರ್ಡ್ ಇಡಲಾಕ ಸಾಧ್ಯ ಇಲ್ಲದಂಥಾದ್ದು ಹೊಡೀಬೇಕಂತ ಕಣ್ಣು ಮುಚ್ಚಿ ಹತ್ತೂ ಬೆರಳು ಕೀಬೋರ್ಡ್ ಮ್ಯಾಲ ತಿರುವಿದೆ. ಆಮ್ಯಾಲ ಕಾಂತಾಬಾಯಿ, ಆಮ್ಯಾಲ ವಾಹೀದ. ಎಂಟರ್.

ತಪ್ಪು.

"ಮತ್ತೊಮ್ಮೆ!"

ಮತ್ತ ಗ್ವಾಡಿ, ಮತ್ತ ಬೆರಳು. ತಪ್ಪು.

"ಈ ಸಲ ನಾ ತಿರುಗಂಗಿಲ್ಲ. ಇಲ್ಲೇ ನಿಂತು ನೋಡ್ತೇನಿ" ಅಂತ ಸಾಹೇಬ್ರು ಸ್ಕ್ರೀನಿಗಿ ಮೂಗು ಹಚ್ಚಿ ನಿಂತ್ರು. ಸ್ಕ್ರೀನಿನ್ಯಾಗ ಏನೂ ಕಾಣ್ಲಿಲ್ಲ. ಬೆರಳು ನೋಡ್ಲಾಕ ಬಗ್ಗಿದ್ರು. ಕಾಂತಾಬಾಯಿ ಕೀಬೋರ್ಡ್ ಮ್ಯಾಲ ಸೆರಗು ಹೊಚ್ಚಿದ್ರು; ಮೂವರೂ ಒಬ್ಬರಾದ ಮ್ಯಾಲ ಒಬ್ಬರು ಅದರ ಒಳಗ ಕೈ ಹಾಕಿ ಹೊಡದ್ವಿ. ತಪ್ಪು.

"ಯಾರು ತಪ್ಪು ಹೊಡಿಯೋರು? ಬಾಯಿಯವರ, ನೀವೇನು?"

"ಇಪ್ಪತ್ತು ವರ್ಷ ಖಜಾನಿದಾಗ ಇದ್ದಾಕಿ ನಾನು" ಅಂದ್ರು ಕಾಂತಾಬಾಯಿ. ಅದು ಹೌದೂ ಅಲ್ಲ, ಅಲ್ಲನೂ ಅಲ್ಲ.

"ವಾಹೀದ?"

"ಔರಾದದವರ ಮ್ಯಾಲೇ ಮೊದಲ ಸಂಶಯ ಯಾಕ್ರಿ ಸಾಹೇಬ್?"

ಸಾಹೇಬ್ರು ಸಿಟ್ಟಿಗಿ ಸರ್ವರಿನ ಪ್ಲಗ್ಗಿಗಿ ಕೈ ಹಾಕಿದ್ರು. ಕಾಂತಾಬಾಯಿ ಮೆತ್ತಗ ಅಂದ್ರು: "ತೆಗೀರಿ ಸರ್. ಇವತ್ತು ಇಡೀ ಜಿಲ್ಲಾದ ಟ್ಯಾಂಕರ್ ನಿಂದ್ರತಾವ. ನಾಳಿ ಮ್ಯಾಲಿನವರು ಯಾಕಂತ ಕೇಳ್ತಾರ. ಫಂಕ್ಷನ್ ಹಾಲ್ ಅಂತ ಹೇಳಬೇಕಾಗ್ತದ."

ಸಾಹೇಬ್ರು ಕೈ ತೆಗದ್ರು. ಅಷ್ಟ್ರಾಗ ಆರು ಹೊಡೀತು. ಮಷೀನ್ ಜರಾ ಗುಂಯ್ ಅಂದು ಸುಮ್ಮನಾತು. ಜಿಲ್ಲಾದ ಎಲ್ಲಾ ಡ್ರೈವರ್ ಫೋನಿಗಿ ಮೆಸೇಜ್ ಹೋದ್ವು. ಕರಡಿವಾಡಿದೂ ಹೋತು.

ಸಾಹೇಬ್ರು ಕುರ್ಚಿ ಮ್ಯಾಲ ಕುಂತು ಮುಖ ಒರಸ್ಕೊಂಡ್ರು. ದನಿ ಬದಲಿ ಮಾಡಿ, ಬೆಣ್ಣಿ ಹಚ್ಚಿದಂಗ, "ಹಾವಗೆಪ್ಪ, ನಿನ್ನ ಮರವು ಇಡೀ ಕಚೇರಿಗಿ ಗೊತ್ತದ. ಮರ್ತಿದ್ರ ಮರ್ತೀನಿ ಅಂತ ಹೇಳು. ಮನಷ್ಯಾ ಅಂದ ಮ್ಯಾಲ ಮರೀತಾನ. ನಾ ಏನೂ ಮಾಡಂಗಿಲ್ಲ. ಯಾರರ ಬಲ್ಲವರನ್ನ ಕರಸಿ ತೆರಸ್ತೇನಿ. ಆದ್ರ ಬೇಕಂತ ತಪ್ಪು ಹೊಡದಿ ಅಂದ್ರ ನಿನ್ನ ನೌಕರಿ ನಾ ಇಡಂಗಿಲ್ಲ" ಅಂದ್ರು.

ನೋಡ್ರಿ, ಬಾಗಲಾ ತೆರದೇ ಇತ್ತು. ಮರ್ತದ್ದು ಖರೇನೇ. ಖರೇ ಹೇಳಿದ್ರ ನೌಕರಿ ಉಳೀತಿತ್ತು, ಬೀದರ ಉಳೀತಿತ್ತು. ಜನ್ಮದಾಗ ಮೊದಲನೇ ಸಲ ನನ್ನ ಮರವು ನನಗ ಉಪಯೋಗ ಬರೋ ಹೊತ್ತು ಅದು. ಬಾಯಿ ತೆರದೆ. 'ಮರ್…' ತನಕ ಬಂದಿತ್ತು. ಅಷ್ಟ್ರಾಗ ಆ ನಕಾಶಿ ಕಣ್ಣಿಗಿ ಬಿತ್ತು. ಅದರ ಮ್ಯಾಲ ಕರಡಿವಾಡಿಗಿ ಒಂದು ಚುಕ್ಕಿ ಸೈತ ಇದ್ದಿಲ್ಲ. ತಲಿ ಕೆಟ್ಟು ಹೋತು.

"ಮರ್ತಿಲ್ರಿ" ಅಂದೆ. "ಬರಾಬರ್ ನೆನಪದ. ಬೇಕಂತಲೇ ತಪ್ಪು ಹೊಡದೀನಿ. ಮೂರೂ ಸಲ. ನಾಳಿ ಕೂಡಿಸಿದ್ರ ನಾಳಿನೂ ತಪ್ಪೇ ಹೊಡೀತೇನಿ. ಬಲ್ಲವರನ್ನ ಕರಸ್ರಿ, ಯಾಕ ಕರಸಿದ್ರಂತ ಅವರಿಗೂ ನಾನೇ ಹೇಳ್ತೇನಿ, ಮ್ಯಾಲಿನವರಿಗೂ ನಾನೇ ಹೇಳ್ತೇನಿ. ಅಲ್ಲಿ ಒಂದು ನರಪಿಳ್ಳಿ ಇಲ್ಲಂದ್ರಲ್ಲ, ಅವರೆಲ್ಲಾರನ್ನೂ ಕರಕೊಂಡು ಬಂದು ಹೇಳ್ತೇನಿ!"

ಸಾಹೇಬ್ರ ಫೋನ್ ಮತ್ತ ಗುಂಯ್ ಅಂತು. ಅವರು ಅದನ್ನ ಎತ್ತಿ, "ಟ್ಯಾಂಕರ್ ರೊಕ್ಕಾ ಕೊಟ್ಟು ತರಸ್ಕೋ!" ಅಂತ ಬೈದು ಹೊರಗ ಹೋದ್ರು.

ಹೊರಗ ಮೆಟ್ಟಲ ಮ್ಯಾಲ ಮೂವರೂ ಕುಂತ್ವಿ. ಕಾಂತಾಬಾಯಿ ಡಬ್ಬಿ ಬಿಚ್ಚಿ ಒಂದು ರೊಟ್ಟಿ ನನ್ನ ಕೈದಾಗಿಟ್ಟ್ರು.

"ನೀವೊಬ್ಬರೇ ಮೈ ಮ್ಯಾಲ ಹಾಕ್ಕೊಳೋದು ಬೇಕಾಗಿತ್ತೇನ್ರಿ?" ಅಂದ್ರು. "ನಾನೂ ಮೂರೂ ಸಲ ತಪ್ಪೇ ಹೊಡದೀನಿ. ಖಜಾನಿದಾಗ ಇಂಥಾ ಕೆಲಸ ಎಂದೂ ಮಾಡಿದ್ದಿಲ್ಲ, ಭಾಳ ಹಗುರ ಅನಸ್ತು."

ವಾಹೀದ ನೆಲ ನೋಡ್ಕೋತ ನಕ್ಕ. "ನಂದೂ ಭಾಯ್. ಒಂದು ಸಲ ಬರೇ ಸ್ಪೇಸ್ ಬಾರ್ ಒತ್ತಿದೆ."

ನಾನೂ ನಕ್ಕೆ. ನನ್ನದು ಏನಿತ್ತಂಬೋದು ನನಗೇ ಗೊತ್ತಿಲ್ಲಂತ ಅವರಿಗಿ ಹೇಳ್ಲಿಲ್ಲ.

ವರ್ಗಾ ಹುಕುಂ ಬಂತು, ಔರಾದಕ್ಕ. ಶಿಕ್ಷಾ ಅಂತ. ಅಲ್ಲಿ ವಾಹೀದ ನನಗ ಒಂದು ಮೇಜು ಹಾಕಿ ಕೊಟ್ಟಾನ. ಶಿವಕಾಂತಾ ಚಿದ್ರಿ ಮಂದಿಗೆಲ್ಲಾ ನನಗ ಬಡ್ತಿ ಆಗ್ಯಾದ ಅಂತ ಹೇಳ್ಯಾಳ. ಔರಾದದಾಗ ಹೊಸಾ ನಾಕ್ ಮಂದಿಗಿ ಲಿನಕ್ಸ್ ಕಲಸ್ಲಕತ್ತೀನಿ, ಊಟದ ಮುಂಚಿನದು. ಕರಡಿವಾಡಿಗಿ ದಿನಾ ಟ್ಯಾಂಕರ್ ಬರ್ತದ. ಬಲ್ಲವರನ್ನ ಕರಸಿದ್ರ ಯಾಕಂತ ಬರದು ಕೊಡಬೇಕಾಗ್ತದ, ಅದಕ ಸಾಹೇಬ್ರು ಇನ್ನೂ ಕರಸಿಲ್ಲ. ಅದರ ಬದಲಿ ತಿಂಗಳಿಗೊಮ್ಮೆ, ಯಾರ ಮನಿದಾಗರ ಮದಿವಿ ಇದ್ದಾಗ, ನನಗ ಫೋನ್ ಮಾಡ್ತಾರ. ಭಾಳ ಮೆತ್ತಗ ಕೇಳ್ತಾರ:

"ಹಾವಗೆಪ್ಪ, ನಿನ್ನ ತುಂಡು ನೆನಪದೇನು?"

ನಾ ಸ್ಪೀಕರ್ ಹಾಕಿ, ಸುತ್ತ ನಾಕ್ ಮಂದಿ ಕೇಳೋ ಹಂಗ ಹೇಳ್ತೇನಿ:

"ನೆನಪದ ಸರ್. ಕೊಡಂಗಿಲ್ಲ."